ಸಿಪ್ಪೆಯೊಳಗಿನ ಸಕ್ಕರೆ, ಹೊಸ ಯೀಸ್ಟ್ ಮತ್ತು ನಮ್ಮ ಗೊಬ್ಬರಗುಂಡಿ

ಕಳೆದ ಎರಡು ಕೊಯ್ಲುಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರು ಹೊಸದೊಂದು ಪ್ರಶ್ನೆ ಕೇಳತೊಡಗಿದ್ದಾರೆ. ಕಾಫಿ ಹೊಟ್ಟಿನಿಂದಲೂ ಅಡಿಕೆ ಸಿಪ್ಪೆಯಿಂದಲೂ ಪೆಟ್ರೋಲಿಗೆ ಬೆರೆಸುವ ಎಥನಾಲ್ ತೆಗೆಯಬಹುದಂತೆ, ಅದಕ್ಕೆಂದೇ ಹೊಸ ಬಗೆಯ ಯೀಸ್ಟ್ ಬಂದಿದೆಯಂತೆ, ನಿಜವೇ? ಒಂದೆರಡು ಗ್ರಾಮಗಳಲ್ಲಿ ಮಧ್ಯಸ್ಥರು ಬಂದು, ಮುಂದೆ ಬರಲಿರುವ ಕಾರ್ಖಾನೆಗೆಂದು ಹಲವು ವರ್ಷಗಳ ಸಿಪ್ಪೆಯನ್ನು ಈಗಲೇ ಕರಾರು ಮಾಡಿಕೊಡಿ ಎಂದು ಕೇಳಿದ್ದೂ ಉಂಟು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಚಾರ ಚರ್ಚೆಗೆ ಬರುವುದು ಖಂಡಿತ. ಆದಕಾರಣ ಪ್ರಯೋಗಶಾಲೆಗಳಲ್ಲಿ ಏನಾಗಿದೆ, ಕಾರ್ಖಾನೆಗಳಲ್ಲಿ ಏನಾಗಿದೆ, ನಮ್ಮ ತೋಟದ ಮಟ್ಟಿಗೆ ಅದರ ಅರ್ಥವೇನು ಎಂಬುದನ್ನು ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ವಿಜ್ಞಾನದ ಮಾತು ಸ್ವಲ್ಪ ಬರುತ್ತದೆ. ಪಲ್ಪಿಂಗ್ ಮಾಡಿ ತೊಟ್ಟಿಯಲ್ಲಿ ಲೋಳೆ ಬಿಡಿಸಿದವರಿಗೆ, ವರ್ಷವರ್ಷವೂ ಗೊಬ್ಬರಗುಂಡಿ ತುಂಬಿಸಿದವರಿಗೆ ಅದು ಕಠಿಣವಾಗಲಾರದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಯೀಸ್ಟಿನ ಸುದ್ದಿ ಸುಳ್ಳಲ್ಲ. ಆದರೆ ಯೀಸ್ಟ್ ಸಿದ್ಧವಾದ ಮಾತ್ರಕ್ಕೆ ಕಾರ್ಖಾನೆ ಸಿದ್ಧವಾಯಿತೆಂದೂ, ಕಾರ್ಖಾನೆ ಬಂದ ಮಾತ್ರಕ್ಕೆ ಬೆಳೆಗಾರನಿಗೆ ಲಾಭವಾಯಿತೆಂದೂ ತಿಳಿಯಬಾರದು. ಇವು ಮೂರೂ ಬೇರೆ ಬೇರೆ ಲೆಕ್ಕಗಳು. ಒಂದೊಂದಾಗಿ ನೋಡೋಣ.

ಹಳೆಯ ಯೀಸ್ಟ್ ಮಾಡುವ ಕೆಲಸ

ಬಗನಿ ಮರದಿಂದ ಬೆಳಿಗ್ಗೆ ಇಳಿಸಿದ ರಸ ಸಿಹಿಯಾಗಿರುತ್ತದೆ. ಸಂಜೆಯ ಹೊತ್ತಿಗೆ ನೊರೆ ಬಂದು, ಹುಳಿತು, ಅಮಲು ಕೊಡುವ ಕಳ್ಳಾಗುತ್ತದೆ. ಈ ಕೆಲಸ ಮಾಡುವುದು ಕಣ್ಣಿಗೆ ಕಾಣದ ಯೀಸ್ಟ್ ಎಂಬ ಏಕಕೋಶ ಜೀವಿ. ಬೇಕರಿಯ ಬ್ರೆಡ್ಡನ್ನು ಉಬ್ಬಿಸುವುದೂ, ಡಿಸ್ಟಿಲರಿಯಲ್ಲಿ ಕಾಕಂಬಿಯನ್ನು ಮದ್ಯಸಾರ ಮಾಡುವುದೂ ಸ್ಯಾಕರೋಮೈಸಿಸ್ ಸೆರವಿಸಿಯೆ ಎಂಬ ಒಂದೇ ಜಾತಿಯ ಯೀಸ್ಟ್. ಹುದುಗುವಿಕೆ ಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಸ್ಚರ್ ತೋರಿಸಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಯೀಸ್ಟನ್ನು ಅರೆದು ಹಿಂಡಿದ ರಸವೂ, ಅಂದರೆ ಅದರೊಳಗಿನ ಕಿಣ್ವಗಳೂ, ಸಕ್ಕರೆಯನ್ನು ಮದ್ಯಸಾರ ಮಾಡಬಲ್ಲವೆಂದು ೧೮೯೭ರಲ್ಲಿ ಜರ್ಮನಿಯ ಎಡುವರ್ಡ್ ಬುಖ್ನರ್ ತೋರಿಸಿದರು. ಅದಕ್ಕಾಗಿ ಅವರಿಗೆ ೧೯೦೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಲೆಕ್ಕ ಸರಳ. ದ್ರಾಕ್ಷಿ ಸಕ್ಕರೆ ಎನ್ನುವ ಗ್ಲೂಕೋಸ್ ೧೮೦ ಕಿಲೋ ಇದ್ದರೆ, ಅದರಲ್ಲಿ ೯೨ ಕಿಲೋ ಎಥನಾಲ್ ಆಗುತ್ತದೆ, ಉಳಿದ ೮೮ ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಎಂದರೆ ೧೦೦ ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ ೫೧ ಕಿಲೋ, ಅಥವಾ ಸುಮಾರು ೬೫ ಲೀಟರ್ ಎಥನಾಲ್. ಎಂಥ ಜಾಣ ಯೀಸ್ಟ್ ಬಂದರೂ ಈ ಮಿತಿಯನ್ನು ದಾಟಲಾರದು.

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ ೨೦೧೪ರಲ್ಲಿ ನೂರಕ್ಕೆ ಒಂದೂವರೆಯಷ್ಟಿತ್ತು. ೨೦೨೫ರಲ್ಲಿ ಅದು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಈ ಎಥನಾಲಿನ ಬಹುಭಾಗ ಬಂದದ್ದು ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ ಮತ್ತು ಅಕ್ಕಿಯಿಂದ. ಅದಕ್ಕೆ ಹಳೆಯ ಯೀಸ್ಟೇ ಸಾಕು. ಆದರೆ ತಿನ್ನುವ ಧಾನ್ಯವನ್ನೂ ನೀರು ಕುಡಿಯುವ ಕಬ್ಬನ್ನೂ ಎಷ್ಟೆಂದು ಇಂಧನಕ್ಕೆ ಹಾಕುವುದು? ಹುಲ್ಲು, ದಂಟು, ಸಿಪ್ಪೆ, ಹೊಟ್ಟುಗಳಲ್ಲಿಯೂ ಸಕ್ಕರೆ ಇದೆಯಲ್ಲ, ಅದನ್ನೇಕೆ ಬಳಸಬಾರದು ಎಂಬ ವಿಚಾರ ಹುಟ್ಟಿದ್ದು ಇಲ್ಲಿಂದ.

ಸಿಪ್ಪೆಯಲ್ಲಿ ಸಕ್ಕರೆ ಎಲ್ಲಿದೆ?

ಅಡಿಕೆ ಸಿಪ್ಪೆಯನ್ನು ಅಗಿದರೆ ಸಿಹಿಯಿಲ್ಲ. ಆದರೂ ಅದರ ಮೈಯೆಲ್ಲ ಸಕ್ಕರೆಯೇ. ನಮ್ಮ ಹಿರಿಯರು ಕಟ್ಟುತ್ತಿದ್ದ ತಟ್ಟಿಗೋಡೆಯನ್ನು ನೆನಪು ಮಾಡಿಕೊಳ್ಳಿ: ಬಿದಿರಿನ ದಬ್ಬೆ, ಅದನ್ನು ಹೆಣೆದ ಬಳ್ಳಿ, ಮೇಲೆ ಮೆತ್ತಿದ ಮಣ್ಣು. ಗಿಡದ ನಾರಿನ ರಚನೆಯೂ ಹೀಗೆಯೇ. ದಬ್ಬೆಯ ಸ್ಥಾನದಲ್ಲಿ ಸೆಲ್ಯುಲೋಸ್, ಬಳ್ಳಿಯ ಸ್ಥಾನದಲ್ಲಿ ಹೆಮಿಸೆಲ್ಯುಲೋಸ್, ಮಣ್ಣಿನ ಸ್ಥಾನದಲ್ಲಿ ಲಿಗ್ನಿನ್. ಸೆಲ್ಯುಲೋಸ್ ಎಂದರೆ ಸಾವಿರಾರು ಗ್ಲೂಕೋಸ್ ಕಣಗಳು ಸರಪಳಿಯಂತೆ ಕೂಡಿಕೊಂಡದ್ದು. ಹೆಮಿಸೆಲ್ಯುಲೋಸಿನಲ್ಲಿ ಬಹುಪಾಲು ಕ್ಸೈಲೋಸ್ ಎಂಬ ಬೇರೆ ಸಕ್ಕರೆ. ಗ್ಲೂಕೋಸಿನಲ್ಲಿ ಆರು ಇಂಗಾಲದ ಪರಮಾಣುಗಳಿದ್ದರೆ ಇದರಲ್ಲಿ ಐದು. ಲಿಗ್ನಿನ್ ಸಕ್ಕರೆಯೇ ಅಲ್ಲ. ಅದರಿಂದ ಎಥನಾಲ್ ಬರುವುದಿಲ್ಲ, ಒಲೆಗೆ ಹಾಕಿ ಉರಿಸಬಹುದಷ್ಟೆ.

ತೊಡಕು ಇದ್ದದ್ದು ಕ್ಸೈಲೋಸಿನಲ್ಲಿ. ಮದ್ಯಸಾರದ ಕೆಲಸದಲ್ಲಿ ಇಷ್ಟು ಪಳಗಿದ ನಮ್ಮ ಯೀಸ್ಟ್ ಕ್ಸೈಲೋಸನ್ನು ಮುಟ್ಟುವುದಿಲ್ಲ. ಅದರಿಂದಾಗುವ ನಷ್ಟವೆಷ್ಟೆಂದು ಲೆಕ್ಕ ಹಾಕೋಣ. ಒಣಗಿದ ಒಂದು ಟನ್ ಸಸ್ಯವಸ್ತುವಿನಲ್ಲಿ ೩೫೦ ಕಿಲೋ ಸೆಲ್ಯುಲೋಸ್, ೨೫೦ ಕಿಲೋ ಹೆಮಿಸೆಲ್ಯುಲೋಸ್ ಇದೆಯೆಂದು ಇಟ್ಟುಕೊಳ್ಳಿ. ಒಂದು ಕಣವೂ ಪೋಲಾಗದಿದ್ದರೆ ಸೆಲ್ಯುಲೋಸಿನಿಂದ ಸುಮಾರು ೨೫೦ ಲೀಟರ್, ಹೆಮಿಸೆಲ್ಯುಲೋಸಿನಿಂದ ಸುಮಾರು ೧೮೦ ಲೀಟರ್ ಎಥನಾಲ್ ಬರಬೇಕು. ಕ್ಸೈಲೋಸನ್ನು ಬಿಟ್ಟರೆ ಐದರಲ್ಲಿ ಎರಡು ಪಾಲು ಚರಂಡಿಗೆ ಹೋದ ಹಾಗೆ. ಎಂಥ ಕಾರ್ಖಾನೆಯೂ ಈ ನಷ್ಟವನ್ನು ತಡೆದುಕೊಳ್ಳಲಾರದು.

ಎರವಲು ತಂದ ವಿದ್ಯೆ

ಕ್ಸೈಲೋಸನ್ನು ತಿನ್ನಬಲ್ಲ ಬೇರೆ ಯೀಸ್ಟ್‌ಗಳು ಪ್ರಕೃತಿಯಲ್ಲಿವೆ. ಆದರೆ ಅವು ಮದ್ಯಸಾರದ ತೀಕ್ಷ್ಣತೆಯನ್ನೂ ಕಾರ್ಖಾನೆಯ ಒರಟು ವಾತಾವರಣವನ್ನೂ ಹಳೆಯ ಯೀಸ್ಟಿನಷ್ಟು ತಾಳುವುದಿಲ್ಲ. ಆದ್ದರಿಂದ ಅವುಗಳ ವಿದ್ಯೆಯನ್ನು ಇದಕ್ಕೆ ಕಲಿಸುವುದು, ಎಂದರೆ ಬೇಕಾದ ಕಿಣ್ವವನ್ನು ತಯಾರಿಸುವ ವಂಶವಾಹಿಯನ್ನು ತೆಗೆದು ಇದರೊಳಗೆ ಸೇರಿಸುವುದು, ವಿಜ್ಞಾನಿಗಳು ಹಿಡಿದ ದಾರಿ. ನಾವು ಒಳ್ಳೆಯ ಬೇರಿನ ಗಿಡಕ್ಕೆ ಒಳ್ಳೆಯ ಫಸಲಿನ ಕುಡಿ ಕಸಿ ಮಾಡುತ್ತೇವಲ್ಲ, ಉದ್ದೇಶದಲ್ಲಿ ಇದೂ ಅಂಥದೇ. ಆದರೆ ಇಲ್ಲಿ ಸೇರಿಸಿದ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ನ್ಯಾನ್ಸಿ ಹೋ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ಗ್ಲೂಕೋಸ್, ಕ್ಸೈಲೋಸ್ ಎರಡನ್ನೂ ಹುದುಗಿಸುವ ಯೀಸ್ಟನ್ನು ತಯಾರಿಸಿದರು. ಪಿಕಿಯ ಸ್ಟಿಪಿಟಿಸ್ ಎಂಬ ಯೀಸ್ಟಿನಿಂದ ಎರಡು ವಂಶವಾಹಿಗಳನ್ನು ತಂದು, ನಮ್ಮ ಯೀಸ್ಟಿನದೇ ಆದ ಇನ್ನೊಂದನ್ನು ಬಲಪಡಿಸಿದ್ದು ಅವರ ಕ್ರಮ. ಕೆನಡಾದ ಐಯೋಜನ್ ಕಂಪನಿ ಈ ಯೀಸ್ಟಿನ ಪರವಾನಗಿ ಪಡೆಯಿತು. ೨೦೦೪ರಲ್ಲಿ ಅದರ ಒಟ್ಟಾವಾ ಘಟಕದಲ್ಲಿ ಗೋಧಿ ಹುಲ್ಲಿನ ಎಥನಾಲ್ ತಯಾರಾಯಿತು.

ಆದರೆ ಈ ದಾರಿಯಲ್ಲಿ ಒಂದು ಕೊರತೆಯಿತ್ತು. ಹೊಸದಾಗಿ ಬಂದ ಎರಡು ಕಿಣ್ವಗಳಲ್ಲಿ ಮೊದಲನೆಯದು ಕ್ಸೈಲೋಸನ್ನು ಕ್ಸೈಲಿಟಾಲ್ ಮಾಡುತ್ತದೆ, ಎರಡನೆಯದು ಅದನ್ನು ಕ್ಸೈಲುಲೋಸ್ ಮಾಡುತ್ತದೆ. ಕ್ಸೈಲುಲೋಸನ್ನು ನಮ್ಮ ಯೀಸ್ಟ್ ಬಳಸಬಲ್ಲದು. ಆದರೆ ಮೊದಲ ಕಿಣ್ವ ಒಂದು ಸಹಾಯಕ ವಸ್ತುವನ್ನು ಖರ್ಚು ಮಾಡಿದರೆ, ಎರಡನೆಯದು ಅದನ್ನೇ ಹಿಂದಿರುಗಿಸದೆ ಬೇರೊಂದನ್ನು ತಯಾರಿಸುತ್ತದೆ. ಸಂಘದ ಪುಸ್ತಕದಲ್ಲಿ ಒಂದು ಖಾತೆಯಲ್ಲಿ ಖರ್ಚು, ಇನ್ನೊಂದರಲ್ಲಿ ಜಮೆ ಬರೆದ ಹಾಗೆ. ದಿನದ ಕೊನೆಗೆ ಲೆಕ್ಕ ಹೊಂದುವುದಿಲ್ಲ. ಪರಿಣಾಮವಾಗಿ ಕೆಲಸ ಅರ್ಧದಲ್ಲಿ ನಿಂತು, ಎಥನಾಲಿಗೆ ಬದಲು ಕ್ಸೈಲಿಟಾಲ್ ಸೇರಿಕೊಳ್ಳುತ್ತಿತ್ತು.

ಆನೆಯ ಲದ್ದಿಯಲ್ಲಿ ಸಿಕ್ಕ ಕಿಣ್ವ

ಕ್ಸೈಲೋಸನ್ನು ಒಂದೇ ಹೆಜ್ಜೆಯಲ್ಲಿ ಕ್ಸೈಲುಲೋಸ್ ಮಾಡುವ ಕಿಣ್ವವೂ ಇದೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಅದುಂಟು. ಆದರೆ ಅಲ್ಲಿಂದ ತಂದು ಯೀಸ್ಟಿನೊಳಗೆ ಇಟ್ಟಾಗ ಅದು ಸರಿಯಾಗಿ ಕೆಲಸ ಮಾಡಲಿಲ್ಲ. ವರ್ಷಗಟ್ಟಲೆ ಹುಡುಕಿದ ಮೇಲೆ ಪರಿಹಾರ ದೊರೆತದ್ದು ಒಂದು ಶಿಲೀಂಧ್ರದಲ್ಲಿ. ಪೈರೋಮೈಸಿಸ್ ಎಂಬ ಈ ಶಿಲೀಂಧ್ರ ಹುಲ್ಲು ಸೊಪ್ಪು ತಿನ್ನುವ ಪ್ರಾಣಿಗಳ ಕರುಳಿನಲ್ಲಿ, ಗಾಳಿಯಿಲ್ಲದ ಕಡೆ ಬದುಕುತ್ತದೆ. ನೆದರ್ಲೆಂಡ್ಸಿನ ವಿಜ್ಞಾನಿಗಳು ಬಳಸಿದ ಇದರ ತಳಿಯನ್ನು ಬೇರ್ಪಡಿಸಿದ್ದು ಭಾರತೀಯ ಜಾತಿಯ ಆನೆಯ ಲದ್ದಿಯಿಂದ! ೨೦೦೩ರಲ್ಲಿ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾನಿಲಯದವರು ಈ ಶಿಲೀಂಧ್ರದ ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿದಾಗ ಕಿಣ್ವ ಚೆನ್ನಾಗಿ ಕೆಲಸ ಮಾಡಿತು.

ತೋಟಕ್ಕೆ ಆನೆ ನುಗ್ಗಿದ ರಾತ್ರಿಗಳನ್ನು ಕಂಡಿರುವ ನಮ್ಮ ಸದಸ್ಯರಿಗೆ ಆನೆಯಿಂದ ಲಾಭವೆಂಬ ಮಾತು ನಗು ತರಿಸೀತು. ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆಗೆ ಇನ್ನು ಮುಂದೆ ಲದ್ದಿಯ ಬೆಲೆಯನ್ನೂ ಸೇರಿಸಬೇಕು. ಆದರೆ ವಿಷಯ ಹಾಸ್ಯದ್ದಲ್ಲ. ಬೈನೆ, ಬಿದಿರು, ಬಾಳೆಯ ದಿಂಡನ್ನು ಮುರಿದು ತಿನ್ನುವ ಪ್ರಾಣಿಯ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಜೀವಿಗಳು ಇರಲೇಬೇಕು.

ಕಿಣ್ವ ಬಂದರೂ ಯೀಸ್ಟ್ ಮೊದಲು ಕ್ಸೈಲೋಸಿನಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತಿತ್ತು. ಡೆಲ್ಫ್ಟ್‌ನವರು ಅದನ್ನು ದೀರ್ಘಕಾಲ ಕ್ಸೈಲೋಸಿನಲ್ಲಿಯೇ ಬೆಳೆಸಿ, ಬೇಗ ಬೆಳೆದ ಕೋಶಗಳನ್ನು ಆರಿಸುತ್ತಾ ಹೋದರು. ಒಳ್ಳೆಯ ತಾಯಿಮರವನ್ನು ಗುರುತಿಸಿ ಬೀಜದ ಅಡಿಕೆ ಆರಿಸುವ ನಮ್ಮ ಕ್ರಮವೇ ಇದು. ಜತೆಗೆ ಕ್ಸೈಲುಲೋಸನ್ನು ಮುಂದಕ್ಕೆ ಸಾಗಿಸುವ ಯೀಸ್ಟಿನ ಸ್ವಂತ ಕಿಣ್ವಗಳನ್ನು ಹೆಚ್ಚಿಸಿದರು. ದಾರಿ ತಪ್ಪಿಸಿ ಕ್ಸೈಲಿಟಾಲ್ ಮಾಡುತ್ತಿದ್ದ ಒಂದು ವಂಶವಾಹಿಯನ್ನು ತೆಗೆದುಹಾಕಿದರು. ೨೦೦೫ರ ಹೊತ್ತಿಗೆ ಗಾಳಿಯಿಲ್ಲದ ತೊಟ್ಟಿಯಲ್ಲಿಯೂ ಕ್ಸೈಲೋಸನ್ನು ಚೆನ್ನಾಗಿ ಎಥನಾಲ್ ಮಾಡುವ ಯೀಸ್ಟ್ ಕೈಗೆ ಬಂದಿತ್ತು.

ಅಲ್ಲಿಂದೀಚೆಗೂ ಕೆಲಸ ನಿಂತಿಲ್ಲ. ಎರಡೂ ಸಕ್ಕರೆ ಮುಂದಿದ್ದರೆ ಯೀಸ್ಟ್ ಮೊದಲು ಗ್ಲೂಕೋಸನ್ನು ತಿಂದು ಮುಗಿಸುತ್ತದೆ. ಕ್ಸೈಲೋಸ್ ಒಳಗೆ ಬರುವ ಬಾಗಿಲೂ ಗ್ಲೂಕೋಸಿನದೇ ಆದ್ದರಿಂದ ಅದು ಹೊರಗೆ ಕಾಯಬೇಕು. ಗ್ಲೂಕೋಸಿನ ನೂಕುನುಗ್ಗಲಿಲ್ಲದೆ ಕ್ಸೈಲೋಸನ್ನು ಒಳಬಿಡುವ ಬಾಗಿಲನ್ನು ೨೦೧೪ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾನಿಲಯದವರು ರೂಪಿಸಿದರು. ನಾರು ಒಡೆಯುವಾಗ ಹುಟ್ಟುವ ಅಸಿಟಿಕ್ ಆಮ್ಲ ಯೀಸ್ಟಿಗೆ ವಿಷ. ಅದನ್ನೂ ಎಥನಾಲ್ ಮಾಡಿಕೊಳ್ಳಬಲ್ಲ ಯೀಸ್ಟನ್ನು ಡೆಲ್ಫ್ಟ್‌ನವರು ೨೦೧೦ರಲ್ಲಿ ತೋರಿಸಿದರು. ಅಮೆರಿಕದ ಮೆಕ್ಕೆಜೋಳದ ಡಿಸ್ಟಿಲರಿಗಳಿಗೆ, ಪಿಷ್ಟ ಕರಗಿಸುವ ಕಿಣ್ವವನ್ನು ತಾನೇ ಸುರಿಸುವ ಮಾರ್ಪಡಿಸಿದ ಯೀಸ್ಟ್ ೨೦೧೨ರಿಂದ ಮಾರಾಟಕ್ಕೆ ಬಂದು ಬಳಕೆಯಾಗುತ್ತಿದೆ. ಯೀಸ್ಟಿನ ಲೆಕ್ಕದಲ್ಲಿ ವಿಜ್ಞಾನಿಗಳು ಗೆದ್ದಿದ್ದಾರೆ ಎನ್ನಲು ನಮಗೆ ಸಂಕೋಚವಿಲ್ಲ.

ಕಾರ್ಖಾನೆಗಳು ಕಲಿಸಿದ ಪಾಠ

ಹಾಗಿದ್ದರೆ ಊರೂರಿಗೂ ಇಂಥ ಕಾರ್ಖಾನೆ ಏಕಿಲ್ಲ? ಯೀಸ್ಟಿನ ಬಾಯಿಗೆ ಸಕ್ಕರೆ ತಲುಪುವ ಮೊದಲು ತಟ್ಟಿಗೋಡೆ ಕೆಡವಬೇಕಲ್ಲ! ಸಿಪ್ಪೆಯನ್ನು ತುಂಡರಿಸಿ, ಆಮ್ಲದ ಅಥವಾ ಹಬೆಯ ಒತ್ತಡದಲ್ಲಿ ೧೬೦ರಿಂದ ೨೦೦ ಡಿಗ್ರಿ ಸೆಂಟಿಗ್ರೇಡ್ ಕಾವಿಗೆ ಬೇಯಿಸಬೇಕು. ಆಮೇಲೆ ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವ ಹಾಕಬೇಕು. ಈ ಕಿಣ್ವ ಕೊಡುವ ಶಿಲೀಂಧ್ರವೊಂದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಕ್ಯಾನ್ವಾಸ್ ಗುಡಾರಗಳನ್ನು ಕೊಳೆಸುತ್ತಿದ್ದಾಗ ಸಿಕ್ಕಿದ್ದು. ಕಿಣ್ವಕ್ಕೆ ಹಣ ಬೇಕು, ಹಬೆಗೆ ಉರುವಲು ಬೇಕು, ಆಮ್ಲಕ್ಕೆ ತುಕ್ಕು ಹಿಡಿಯದ ಪಾತ್ರೆ ಬೇಕು. ಬೇಯಿಸುವಾಗ ಸಕ್ಕರೆಯ ಒಂದು ಭಾಗ ಸೀದು ಫರ್ಫ್ಯೂರಾಲ್ ಮೊದಲಾದ ವಸ್ತುಗಳಾಗಿ ಯೀಸ್ಟನ್ನೇ ಹಿಂಸಿಸುತ್ತದೆ.

ಅಮೆರಿಕದ ಅಯೋವಾ ರಾಜ್ಯದ ಎಮೆಟ್ಸ್‌ಬರ್ಗಿನಲ್ಲಿ ಮೆಕ್ಕೆಜೋಳದ ದಂಟು, ದಿಂಡುಗಳಿಂದ ಎಥನಾಲ್ ತೆಗೆಯುವ ದೊಡ್ಡ ಕಾರ್ಖಾನೆ ೨೦೧೪ರಲ್ಲಿ ಆರಂಭವಾಯಿತು. ೨೦೧೯ರಲ್ಲಿ ಅಲ್ಲಿನ ಉತ್ಪಾದನೆ ನಿಲ್ಲಿಸುವ ತೀರ್ಮಾನವಾಯಿತು. ಅದೇ ರಾಜ್ಯದ ನೆವಾಡಾ ಎಂಬ ಊರಿನಲ್ಲಿ ಡ್ಯೂಪಾಂಟ್ ಕಂಪನಿ ವರ್ಷಕ್ಕೆ ೧೧ ಕೋಟಿ ಲೀಟರಿನ ಕಾರ್ಖಾನೆಯನ್ನು ೨೦೧೫ರಲ್ಲಿ ತೆರೆದು, ಎರಡೇ ವರ್ಷಕ್ಕೆ ಕೈಬಿಟ್ಟಿತು. ಕಾನ್ಸಾಸಿನ ಹ್ಯೂಗೋಟನ್ ಕಾರ್ಖಾನೆ ೨೦೧೪ರಲ್ಲಿ ತೆರೆಯಿತು. ೨೦೧೬ರಲ್ಲಿ ದಿವಾಳಿಗೆ ಬಂತು. ಯುರೋಪಿನ ರುಮೇನಿಯಾದ ಪೊದಾರಿಯಲ್ಲಿ ಹುಲ್ಲಿನಿಂದ ಎಥನಾಲ್ ತೆಗೆಯುವ ಕ್ಲಾರಿಯಂಟ್ ಕಂಪನಿಯ ಕಾರ್ಖಾನೆ ೨೦೨೧ರಲ್ಲಿ ಕಟ್ಟಿ ಮುಗಿದು, ೨೦೨೩ರ ಕೊನೆಯಲ್ಲಿ ಮುಚ್ಚುವ ನಿರ್ಧಾರಕ್ಕೆ ಬಂದಿತು. ಕಾರಣಗಳು ಹಲವು: ಸಾಲ, ಕಂಪನಿಗಳ ವಿಲೀನ, ಸರ್ಕಾರಗಳ ನೀತಿ. ಎಮೆಟ್ಸ್‌ಬರ್ಗಿನಲ್ಲಿ ಮೊದಲ ವರ್ಷಗಳ ದೊಡ್ಡ ಅಡಚಣೆ ಬೇಯಿಸುವ ಹಂತದ್ದು ಎಂದು ಕಂಪನಿಯವರೇ ಹೇಳಿದ್ದರು.

ನಡೆದಿರುವ ಕಡೆಯೂ ಒಂದು ಪಾಠವಿದೆ. ಬ್ರೆಜಿಲಿನ ಪಿರಸಿಕಾಬದಲ್ಲಿ ರೈಜೆನ್ ಕಂಪನಿಯ ಕಾರ್ಖಾನೆ ೨೦೧೫ರಲ್ಲಿ ಉದ್ಘಾಟನೆಯಾಯಿತು. ಅದು ನಿಂತಿರುವುದು ಸಕ್ಕರೆ ಮಿಲ್ಲಿನ ಪಕ್ಕದಲ್ಲಿಯೇ. ಅದಕ್ಕೆ ಬೇಕಾದ ಕಬ್ಬಿನ ಸಿಪ್ಪೆ ಹೇಗೂ ಮಿಲ್ಲಿನ ಅಂಗಳಕ್ಕೆ ಬಂದು ಬೀಳುತ್ತದೆ. ಹೊಲಹೊಲ ತಿರುಗಿ ಹುಲ್ಲು ಕೂಡಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಹರಿಯಾಣದ ಪಾಣಿಪತ್ತಿನಲ್ಲಿ ಕಟ್ಟಿದ, ಭತ್ತದ ಹುಲ್ಲಿನ ಎಥನಾಲ್ ಕಾರ್ಖಾನೆ ೨೦೨೨ರ ಆಗಸ್ಟ್ ೧೦ರಂದು ಉದ್ಘಾಟನೆಗೊಂಡಿತು. ಖರ್ಚು ೯೦೦ ಕೋಟಿ ರೂಪಾಯಿಗೂ ಮೇಲೆ. ಅಸ್ಸಾಮಿನ ನುಮಲಿಗಢದಲ್ಲಿ ಬಿದಿರಿನಿಂದ ಎಥನಾಲ್ ತೆಗೆಯುವ ಕಾರ್ಖಾನೆ ೨೦೨೫ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು.

ಪಾಣಿಪತ್ತಿನ ಯೋಜನೆಯ ಲೆಕ್ಕ ಗಮನಿಸತಕ್ಕದ್ದು. ವರ್ಷಕ್ಕೆ ಸುಮಾರು ೨ ಲಕ್ಷ ಟನ್ ಹುಲ್ಲಿನಿಂದ ಸುಮಾರು ೩ ಕೋಟಿ ಲೀಟರ್ ಎಥನಾಲ್. ಟನ್ನಿಗೆ ೧೫೦ ಲೀಟರ್ ಆಯಿತು. ಮೇಲೆ ನಾವು ಕಾಗದದ ಮೇಲೆ ಹಾಕಿದ ಲೆಕ್ಕದಲ್ಲಿ ನಾನ್ನೂರಕ್ಕೂ ಮೀರಿ ಬಂದಿತ್ತು. ಕಾಗದಕ್ಕೂ ಕಾರ್ಖಾನೆಗೂ ನಡುವೆ ಇರುವ ಅಂತರ ಇಷ್ಟು.

ನಮ್ಮ ಹೊಟ್ಟು, ನಮ್ಮ ಸಿಪ್ಪೆ

ಈಗ ಮೂರನೆಯ ಲೆಕ್ಕ, ಬೆಳೆಗಾರನದು. ರೊಬಸ್ಟಾ ಚೆರ್ರಿ ೫೦ ಕಿಲೋ ಚೀಲಕ್ಕೆ ೨೬, ೨೭ ಕಿಲೋ ಔಟ್‌ಟರ್ನ್ ಬಂದರೆ ಹೊಟ್ಟು ೨೩ ಕಿಲೋ. ನೂರು ಚೀಲದ ಬೆಳೆಗಾರನಲ್ಲಿ ಹೊಟ್ಟು ೨.೩ ಟನ್. ಭತ್ತದ ಹುಲ್ಲಿನಷ್ಟೇ ಇದರಿಂದಲೂ ಬಂದೀತೆಂದು ಉದಾರವಾಗಿ ಇಟ್ಟುಕೊಂಡರೆ ೩೪೫ ಲೀಟರ್ ಎಥನಾಲ್. ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಾಗಾಗಿ ಇದು ೨೩೦ ಲೀಟರ್ ಪೆಟ್ರೋಲಿಗೆ ಸಮ. ಪಾಣಿಪತ್ತಿನಷ್ಟು ದೊಡ್ಡ ಕಾರ್ಖಾನೆಗೆ ನೂರು ಚೀಲದ ಬೆಳೆಗಾರರು ಸುಮಾರು ೮೭ ಸಾವಿರ ಮಂದಿ ಬೇಕು. ದೇಶದ ಒಟ್ಟು ಕಾಫಿ ಬೆಳೆಯೇ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಎಂಬುದನ್ನು ನೆನೆದರೆ, ದೇಶದ ಕಾಫಿ ಹೊಟ್ಟನ್ನೆಲ್ಲ ಗುಡಿಸಿ ತಂದರೂ ಅಂಥ ಒಂದು ಕಾರ್ಖಾನೆಯ ಹೊಟ್ಟೆ ತುಂಬುವುದೇ ಕಷ್ಟ. ಅಡಿಕೆ ಸಿಪ್ಪೆಯನ್ನೂ ಸೇರಿಸಿದರೆ ಮಾತ್ರ ಮಾತಿಗೆ ಅರ್ಥ ಬರುತ್ತದೆ. ಸಿಪ್ಪೆ ಹಗುರ, ಲಾರಿ ಬೇಗ ತುಂಬುತ್ತದೆ, ತೂಕ ಕಡಿಮೆ. ಘಾಟಿಯ ತಿರುವುಗಳಲ್ಲಿ ಅದನ್ನು ಸಾಗಿಸುವ ಬಾಡಿಗೆಯನ್ನು ಯಾರು ಕೊಡುವವರು ಎಂಬುದು ಮೊದಲ ಪ್ರಶ್ನೆ.

ಅರೇಬಿಕಾ ಪಲ್ಪಿಂಗ್ ಮಾಡುವವರ ಸಿಪ್ಪೆಯ ಸಂಗತಿ ಇನ್ನೂ ಬೇರೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಎರಡು ದಿನ ಇಟ್ಟರೆ ಕೊಳೆತು ನಾರುತ್ತದೆ. ಬರುವುದು ವರ್ಷದ ಎರಡು ಮೂರು ತಿಂಗಳು. ಕಾರ್ಖಾನೆ ನಡೆಯಬೇಕಾದದ್ದು ಹನ್ನೆರಡು ತಿಂಗಳು. ಅದರಲ್ಲಿರುವ ಕೆಫೀನ್, ಟ್ಯಾನಿನ್‌ಗಳು ಸೂಕ್ಷ್ಮಜೀವಿಗಳಿಗೆ ಒಗ್ಗುವಂಥವಲ್ಲ. ತೊಟ್ಟಿಯಲ್ಲಿ ನಾವು ಬಿಡಿಸುವ ಲೋಳೆ ಮುಖ್ಯವಾಗಿ ಪೆಕ್ಟಿನ್. ಸಿಪ್ಪೆಯಲ್ಲಿಯೂ ಅದು ಸಾಕಷ್ಟಿದೆ. ಪೆಕ್ಟಿನ್ ಒಡೆದರೆ ಬರುವುದು ಗ್ಯಾಲಕ್ಟ್ಯುರೋನಿಕ್ ಆಮ್ಲ. ಹಳೆಯ ಯೀಸ್ಟ್ ಅದನ್ನು ತಿನ್ನುವುದಿಲ್ಲ. ತಿನ್ನಿಸುವ ಪ್ರಯೋಗಗಳು ನಡೆದಿವೆ, ಆದರೆ ಕ್ಸೈಲೋಸಿನ ಮಟ್ಟದ ಯಶಸ್ಸು ಅಲ್ಲಿ ಬಂದಿಲ್ಲ. ಆದ್ದರಿಂದ ಕಾಫಿ ಹಣ್ಣಿನ ಸಿಪ್ಪೆಗೆ ಯೀಸ್ಟ್ ಸಿದ್ಧವೆಂದು ಯಾರಾದರೂ ಹೇಳಿದರೆ, ಪೆಕ್ಟಿನ್ ವಿಚಾರವೇನೆಂದು ಕೇಳಿ.

ಯೀಸ್ಟ್ ಒಯ್ಯದೆ ಬಿಡುವುದು

ಇಷ್ಟರಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ನಾವು ತಿಳಿದಿರುವ ಸಂಗತಿಗೆ ಬರುತ್ತೇವೆ. ಎಥನಾಲಿನಲ್ಲಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಇವು ಮೂರನ್ನೂ ಗಿಡ ಪಡೆದದ್ದು ಗಾಳಿಯಿಂದ ಮತ್ತು ನೀರಿನಿಂದ. ಸಾರಜನಕವಾಗಲಿ, ರಂಜಕವಾಗಲಿ, ಪೊಟ್ಯಾಷ್ ಆಗಲಿ, ಸುಣ್ಣವಾಗಲಿ ಎಥನಾಲಿನಲ್ಲಿ ಒಂದು ಕಣವೂ ಹೋಗುವುದಿಲ್ಲ. ನಮ್ಮ ಮಣ್ಣಿನಿಂದ ಗಿಡ ಎತ್ತಿದ ಸತ್ವವೆಲ್ಲ ಕಾರ್ಖಾನೆಯ ಗಸಿಯಲ್ಲಿ, ಬಟ್ಟಿ ಇಳಿಸಿ ಉಳಿದ ನೀರಿನಲ್ಲಿ, ಲಿಗ್ನಿನ್ ಉರಿಸಿದ ಬೂದಿಯಲ್ಲಿ ಉಳಿದಿರುತ್ತದೆ.

ಕಾಫಿ ಹೊಟ್ಟು ಪೊಟ್ಯಾಷ್ ತುಂಬಿದ ವಸ್ತು ಎಂಬುದು ಬೆಳೆಗಾರರಿಗೆ ಗೊತ್ತಿರುವ ಮಾತೇ. ಅಂಗಡಿಯಿಂದ ನಾವು ತರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಪೂರ್ತಿಯಾಗಿ ಹೊರದೇಶದಿಂದ ಬರುವಂಥದು. ಸಮುದ್ರದಾಚೆಯ ಯುದ್ಧ, ರೂಪಾಯಿಯ ಏರಿಳಿತ ಎಲ್ಲವೂ ಅದರ ಬೆಲೆಯಲ್ಲಿ ಕಾಣುತ್ತದೆ. ಹೀಗಿರುವಲ್ಲಿ ಹೊಟ್ಟನ್ನು ಟನ್ನಿನ ಲೆಕ್ಕದಲ್ಲಿ ಮಾರುವ ಬೆಳೆಗಾರ ಸಕ್ಕರೆಯ ಬೆಲೆ ಪಡೆದು ಪೊಟ್ಯಾಷನ್ನು ಪುಕ್ಕಟೆ ಕೊಡುತ್ತಿದ್ದಾನೆ. ಕಾರ್ಖಾನೆಗೆ ಆ ಪೊಟ್ಯಾಷ್ ಬೇಕಾಗಿಯೇ ಇಲ್ಲ. ಬೂದಿಯಾಗಿಯೋ ಗೊಬ್ಬರವಾಗಿಯೋ ಅದು ತೋಟಕ್ಕೆ ಹಿಂದಿರುಗುವಂತಾದರೆ ಮಾತ್ರ ಈ ವ್ಯಾಪಾರ ನ್ಯಾಯವಾದದ್ದು. ದೂರದ ಕಾರ್ಖಾನೆಯಾದರೆ ಹಿಂದಿರುಗುವುದಿಲ್ಲ. ಬೇಯಿಸಲು ಹಾಕಿದ ಆಮ್ಲ, ಕ್ಷಾರಗಳ ಲವಣ ಗಸಿಯಲ್ಲಿ ಸೇರಿರುವುದರಿಂದ ಪರೀಕ್ಷೆಯಿಲ್ಲದೆ ತೋಟಕ್ಕೆ ಹಾಕುವಂತೆಯೂ ಇಲ್ಲ.

ಇನ್ನೊಂದು ನಷ್ಟವೂ ಉಂಟು. ಗೊಬ್ಬರಗುಂಡಿಯಲ್ಲಿ ಸಿಪ್ಪೆಯ ಇಂಗಾಲದ ದೊಡ್ಡ ಪಾಲು ಗಾಳಿಗೆ ಹೋದರೂ ಒಂದು ಪಾಲು ಕಪ್ಪು ಗೊಬ್ಬರವಾಗಿ ಉಳಿಯುತ್ತದೆ. ನೂರಾರು ಅಂಗುಲ ಮಳೆ ಬಿದ್ದು ತೊಳೆದುಹೋಗುವ ನಮ್ಮ ಹುಳಿ ಮಣ್ಣನ್ನು ಹಿಡಿದು ನಿಲ್ಲಿಸುವುದು ಅದೇ. ಅದನ್ನು ಚೀಲದಲ್ಲಿ ಕೊಳ್ಳಲು ಬರುವುದಿಲ್ಲ.

ಹಾಗೆಂದು ಸಿಪ್ಪೆಯನ್ನು ಯಾರೂ ಮಾರಲೇಬಾರದೆಂದು ನಾವು ಹೇಳುವುದಿಲ್ಲ. ಬಯಲು ಸೀಮೆಯ ಕೆಲವು ಅಡಿಕೆ ಪ್ರದೇಶಗಳಲ್ಲಿ ಸಿಪ್ಪೆಯನ್ನು ರಸ್ತೆಯ ಬದಿಗೆ ಸುರಿದು ಬೆಂಕಿ ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಹೊಗೆಯಿಂದ ವಾಹನದವರಿಗೆ ಅಪಾಯ, ಸತ್ವವೂ ಹಾಳು. ಸುಡುವ ಸಿಪ್ಪೆಗೆ ಬೆಲೆ ಬರುವುದಾದರೆ ಸಂತೋಷವೇ. ತೋಟಕ್ಕೆ ಹಿಂದಿರುಗುತ್ತಿರುವ ಸಿಪ್ಪೆಯ ಮಾತು ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸದಸ್ಯರ ಗಮನಕ್ಕೆ

ಕೆಲವರು ಕೇಳಿದ ಎರಡು ಸಂದೇಹಗಳಿಗೆ ಉತ್ತರ ಕೊಡುತ್ತೇವೆ. ಮಾರ್ಪಡಿಸಿದ ಯೀಸ್ಟ್ ನಮ್ಮ ತೋಟಕ್ಕೆ ಹಬ್ಬೀತೇ ಎಂಬುದು ಒಂದು. ಅದು ಕೆಲಸ ಮಾಡುವುದು ಮುಚ್ಚಿದ ತೊಟ್ಟಿಯಲ್ಲಿ; ಬಟ್ಟಿ ಇಳಿಸುವ ಕಾವಿನಲ್ಲಿ ಸಾಯುತ್ತದೆ. ವಂಶವಾಹಿ ಮಾರ್ಪಡಿಸಿದ ಜೀವಿಗಳ ಬಳಕೆಗೆ ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ ೧೯೮೯ರಲ್ಲಿ ನಿಯಮಗಳಾಗಿವೆ. ಕಾರ್ಖಾನೆಯವರು ಅದರಂತೆ ಅನುಮತಿ ಪಡೆಯಬೇಕು. ಮನೆಯ ಮಟ್ಟದಲ್ಲಿ ನಾವೇ ಎಥನಾಲ್ ತೆಗೆಯಬಹುದೇ ಎಂಬುದು ಇನ್ನೊಂದು. ಅಬಕಾರಿ ಪರವಾನಗಿಯಿಲ್ಲದೆ ಬಟ್ಟಿ ಇಳಿಸುವುದು ಅಪರಾಧ. ಪ್ರಯೋಗಕ್ಕೆಂದು ಕೂಡ ಯಾರೂ ಕೈಹಾಕಬಾರದು. ಹಸಿ ಸಿಪ್ಪೆಯಿಂದ ಇಂಧನವೇ ಬೇಕೆನ್ನುವವರಿಗೆ ಗೋಬರ್ ಗ್ಯಾಸ್ ತೊಟ್ಟಿ ಇದೆ. ಅದರ ಗಸಿ ನೇರವಾಗಿ ಗೊಬ್ಬರಗುಂಡಿಗೆ ಬರುತ್ತದೆ.

ಕರಾರಿನ ಕಾಗದ ಹಿಡಿದು ಬಂದವರನ್ನು ಈ ಕೆಳಗಿನ ಪ್ರಶ್ನೆಗಳನ್ನು ಕೇಳಬೇಕೆಂದು ಸೂಚಿಸುತ್ತೇವೆ.

೧. ಕಾರ್ಖಾನೆ ಎಲ್ಲಿದೆ? ಕಟ್ಟಿ ಆಗಿದೆಯೇ, ಇಲ್ಲ ಬರಲಿದೆಯೇ? ಬರಲಿದೆಯಾದರೆ, ಬಾರದಿದ್ದ ಪಕ್ಷದಲ್ಲಿ ಕರಾರು ತಾನಾಗಿ ರದ್ದಾಗುತ್ತದೆಯೇ?

೨. ಬೆಲೆ ಹಸಿ ತೂಕಕ್ಕೋ ಒಣ ತೂಕಕ್ಕೋ? ತೇವಾಂಶವನ್ನು ಅಳೆಯುವವರು ಯಾರು?

೩. ಸಾಗಣೆಯ ಬಾಡಿಗೆ ಯಾರದು?

೪. ನಮ್ಮ ಹೊಟ್ಟಿನ ಮೇಲೆ ಪ್ರಯೋಗ ನಡೆದಿದೆಯೇ? ಟನ್ನಿಗೆ ಎಷ್ಟು ಲೀಟರ್ ಬಂದಿದೆ? ಬೇರೆ ದೇಶದ ಮೆಕ್ಕೆಜೋಳದ ದಂಟಿನ ಲೆಕ್ಕವನ್ನು ನಮ್ಮ ಸಿಪ್ಪೆಗೆ ಒಪ್ಪಬೇಕಾಗಿಲ್ಲ.

೫. ಬೂದಿ ಅಥವಾ ಗೊಬ್ಬರ ಹಿಂದಿರುಗಿಸುತ್ತಾರೆಯೇ? ಎಷ್ಟು, ಯಾವಾಗ, ಪರೀಕ್ಷೆಯ ವರದಿಯ ಸಹಿತವೇ?

೬. ಒಂದು ವರ್ಷ ಬೆಳೆ ಕೈಕೊಟ್ಟು ಸಿಪ್ಪೆ ಕೊಡಲಾಗದಿದ್ದರೆ ದಂಡವಿದೆಯೇ?

ಇದರ ಜತೆಗೆ, ಕ್ಯೂರಿಂಗಿಗೆ ಚೆರ್ರಿ ಕಳುಹಿಸುವ ಸದಸ್ಯರು ತಮ್ಮ ಹೊಟ್ಟು ಎಲ್ಲಿ ಹೋಗುತ್ತಿದೆ ಎಂಬುದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಲವರು ಅದನ್ನು ಕೇಳುವುದೇ ಇಲ್ಲ. ಎಂದಾದರೊಂದು ದಿನ ಅದಕ್ಕೆ ಬೆಲೆ ಬರುವುದಾದರೆ, ಮೊದಲು ಅದು ಯಾರದೆಂಬುದು ಕಾಗದದಲ್ಲಿರಬೇಕು. ಒಂದು ಮೂಟೆ ಹೊಟ್ಟನ್ನೂ ಒಂದು ಮೂಟೆ ಅಡಿಕೆ ಸಿಪ್ಪೆಯನ್ನೂ ಪರೀಕ್ಷೆಗೆ ಕಳುಹಿಸಿ, ಅವುಗಳಲ್ಲಿರುವ ಪೊಟ್ಯಾಷಿನ ಬೆಲೆ ಈ ವರ್ಷದ ಗೊಬ್ಬರದ ದರದಲ್ಲಿ ಎಷ್ಟಾಗುತ್ತದೆಂಬ ಲೆಕ್ಕವನ್ನು ಸರ್ವಸದಸ್ಯರ ಸಭೆಯ ಮುಂದಿಡಬೇಕೆಂದು ನಾವು ಆಡಳಿತ ಮಂಡಳಿಯನ್ನು ಕೋರಲಿದ್ದೇವೆ. ಕೊಳ್ಳುವವರು ಹೇಳುವ ದರ ಅದಕ್ಕಿಂತ ಕೆಳಗಿದ್ದರೆ ಮಾತು ಮುಂದುವರಿಸುವ ಅಗತ್ಯವೇ ಇಲ್ಲ. ಮೇಲಿದ್ದರೆ, ಒಬ್ಬೊಬ್ಬರಾಗಿ ಅಲ್ಲ, ಸಂಘದ ಮೂಲಕ ಒಟ್ಟಾಗಿ ಮಾತಾಡೋಣ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಅವಸರ ನಮಗೆ ಬೇಡ. ಸಭೆ ನಡೆಯುವವರೆಗೆ ಯಾವ ಸದಸ್ಯರೂ ಸಿಪ್ಪೆಯ ಕರಾರಿಗೆ ಸಹಿ ಹಾಕಬಾರದೆಂದೂ, ಯಾರ ಕೈಗಾದರೂ ಅಂಥ ಕಾಗದ ಬಂದಿದ್ದರೆ ಅದರ ಪ್ರತಿಯನ್ನು ಕಚೇರಿಗೆ ತಂದು ತೋರಿಸಬೇಕೆಂದೂ ವಿನಂತಿಸುತ್ತೇವೆ. ಕಚೇರಿಯಲ್ಲಿ ಓದಿ ಹೇಳುವ ವ್ಯವಸ್ಥೆ ಮಾಡಿದ್ದೇವೆ.